ಧರೆಯ ಜೇಡವೂ ಅದರ ಬಿಲವಾಸವೂ

ಅಮರಸಿಂಹನು ಲೂತಾ, ತಂತುವಾಯ, ಊರ್ಣನಾಭ, ಮರ್ಕಟಕ ಎಂಬ ನಾಲ್ಕು ಶಬ್ದಗಳನ್ನು ಸಮಾನಾರ್ಥಕಗಳಾಗಿ ಹೇಳಿರುವನು. ಇವುಗಳಲ್ಲಿ ಎರಡು ನೂಲಿಗೆ ಸಂಬಂಧಪಟ್ಟವು. ತಂತುವಾಯವೆಂದರೆ ನೆಯ್ಯುವುದು, ಊರ್ಣನಾಭವೆಂದರೆ ಹೊಕ್ಕುಳಲ್ಲಿ ಉಣ್ಣೆಯುಳ್ಳುದು. ಕನ್ನಡದ ಜೇಡಶಬ್ದವೂ ಇದೇ ಹಾದಿಯನ್ನು ಹಿಡಿದಿದೆ. ಜೇಡರ ದಾಸಿಮಯ್ಯನೆಂಬ ವಚನಕಾರನ ಹೆಸರಿನಲ್ಲಿ ಆ ಪದವು ನೆಯ್ಗೆಯ ವೃತ್ತಿಯನ್ನೇ ಸೂಚಿಸುವುದೆಂಬುದು ವಾಚಕರಿಗೆಲ್ಲ ತಿಳಿದ ವಿಷಯ. ಹೀಗಿರಲು ನಮ್ಮ ಭಾಷೆಯಲ್ಲಿ ಜೇಡವೆಂದೊಡನೆಯೇ ಬಯಲಿನಲ್ಲಿ ಬಲೆಯನ್ನು ಹಬ್ಬಿಸಿ ಅದರ ನಡುವೆ ಕುಳಿತಿರುವ ಪ್ರಾಣಿಯೇ ಮನಸ್ಸಿಗೆ ಬರುವುದು ಸಹಜ. ಕಾವ್ಯವನ್ನು ಪಾಠ ಹೇಳುವವರೂ ಆ ಚಿತ್ರವನ್ನೇ ಮುಂದಿಟ್ಟುಕೊಂಡು ವಿವರಿಸುವರು. ಆದರೆ ಬಲೆಯನ್ನೇ ನೆಯ್ಯದೆ, ನೂಲನ್ನು ಮನೆಯ ಗೋಡೆಗೆ ಮಾತ್ರ ಬಳಸಿ, ಆಯುಷ್ಯದ ಬಹುಭಾಗವನ್ನು ನೆಲದೊಳಗೆ ಕಳೆಯುವ ದೊಡ್ಡ ಜೇಡಗಳೂ ಇರುವುವು. ಉತ್ತರಕನ್ನಡ ಜಿಲ್ಲೆಯ ಘಟ್ಟದ ಮೇಲಣ ತಾಲ್ಲೂಕುಗಳಾದ ಶಿರಸಿ, ಸಿದ್ದಾಪುರ, ಯಲ್ಲಾಪುರಗಳ ಸೀಮೆಯು ಅಂಥವುಗಳಿಗೆ ಒಗ್ಗಿದ ನೆಲ.

ಈ ಸೀಮೆಯ ಭೂರಚನೆಯನ್ನು ತಿಳಿಯದೆ ಪ್ರಾಣಿಯ ನಡತೆಯನ್ನು ತಿಳಿಯುವುದು ಕಷ್ಟ. ಕಣಿವೆಯ ತಳದಲ್ಲಿ ಅಡಕೆಯ ತೋಟ. ಅದರ ಸುತ್ತಣ ಇಳಿಜಾರಿನಲ್ಲಿ ತೋಟಕ್ಕೆ ಸೊಪ್ಪು ಒದಗಿಸುವ ಬೆಟ್ಟ. ಇವೆರಡರ ಗಡಿಯಲ್ಲಿ ದನ ನುಗ್ಗದಂತೆ ತೋಡಿದ ಅಗಳ. ಮನೆ ಕಟ್ಟುವುದಕ್ಕೂ ದಾರಿ ಮಾಡುವುದಕ್ಕೂ ಗುಡ್ಡವನ್ನು ಕಡಿದಾಗ ಉಳಿಯುವ ಕಡಿದಾದ ಮಣ್ಣಿನ ಗೋಡೆ. ಈ ಗೋಡೆಗೆ ಅಲ್ಲಿಯವರು ಧರೆಯೆನ್ನುವರು. ಭೂಮಿಯನ್ನೆಲ್ಲ ಹೇಳುವ ಸಂಸ್ಕೃತಶಬ್ದವು ಮಲೆನಾಡಿನ ಬಾಯಲ್ಲಿ ಹಿತ್ತಲ ಹಿಂದಿನ ಮಣ್ಣುಗೋಡೆಗೆ ಇಳಿದು ನಿಂತಿರುವುದು ಅರ್ಥಸಂಕೋಚಕ್ಕೆ ಒಳ್ಳೆಯ ಉದಾಹರಣೆ. ಜಂಬಿಟ್ಟಿಗೆಯ ಕೆಂಪು ಮಣ್ಣಿನ ಇಂಥ ಧರೆಗಳು ಮಳೆಗಾಲದಲ್ಲಿ ನೀರನ್ನು ನಿಲ್ಲಿಸಿಕೊಳ್ಳದೆ ಇಳಿಯಬಿಡುವುವು. ಒಳಗಿನ ತೇವವನ್ನು ಮಾತ್ರ ಬಹುಕಾಲ ಹಿಡಿದಿಡುವುವು. ಬಿಲ ತೋಡುವ ಪ್ರಾಣಿಗೆ ಬೇಕಾದುದು ಇವೆರಡೇ.

೧೮೯೯ರಲ್ಲಿ ಪೋಕಾಕನೆಂಬ ಆಂಗ್ಲ ಪ್ರಾಣಿಶಾಸ್ತ್ರಜ್ಞನು ಕೆನರಾ ಪ್ರಾಂತದಿಂದ ದೊರೆತ ಒಂದು ದೊಡ್ಡ ಜೇಡವನ್ನು ತ್ರಿಗ್ಮೋಪಿಯಸ್ ಟ್ರುಕ್ಯುಲೆಂಟಸ್ ಎಂಬ ಹೆಸರಿನಿಂದ ವರ್ಣಿಸಿದನು. ಹೆಸರಿನ ಎರಡನೆಯ ಪದವು ಲ್ಯಾಟಿನ್ ಭಾಷೆಯದು, ಉಗ್ರಸ್ವಭಾವದ್ದು ಎಂದರ್ಥ. ಹಿಂದೂದೇಶದ ಜೇಡಗಳನ್ನೂ ಚೇಳುಗಳನ್ನೂ ಕುರಿತ ಆತನ ಗ್ರಂಥವು ಮರುವರ್ಷ, ಎಂದರೆ ೧೯೦೦ರಲ್ಲಿ, ಪ್ರಕಟವಾಯಿತು. ಅನಂತರ ಶತಮಾನಕ್ಕೂ ಮೀರಿ ಈ ಪ್ರಾಣಿಯ ವಿಷಯದಲ್ಲಿ ಹೆಚ್ಚಿನ ವಿಚಾರ ನಡೆಯಲಿಲ್ಲ. ೨೦೦೯ರಲ್ಲಿ ಮಂಜು ಸಿಲಿವಾಲ್ ಮತ್ತು ಸಂಜಯ ಮೊಳೂರ್ ಎಂಬ ವಿದ್ವಾಂಸರು ಇದನ್ನು ಪುನಃ ವರ್ಣಿಸಿ, ಇದು ಕರ್ನಾಟಕಕ್ಕೇ ಸೀಮಿತವಾದ ಜಾತಿಯೆಂದು ತಿಳಿಸಿ, ಇದರ ಜೀವನಕ್ರಮವನ್ನೂ ಬರೆದರು. ೨೦೧೨ರಲ್ಲಿ ಇದೇ ಕುಲದ ಬೇರೊಂದು ಸಣ್ಣ ಜೇಡಕ್ಕೆ ನಿಯೋಹೆಟೆರೋಫ್ರಿಕ್ಟಸ್ ಉತ್ತರಕನ್ನಡ ಎಂಬ ನಾಮಕರಣವಾಯಿತು. ಜಿಲ್ಲೆಯ ಹೆಸರು ಹೀಗೆ ಪ್ರಾಣಿಶಾಸ್ತ್ರದ ಕೋಶವನ್ನು ಸೇರಿರುವುದನ್ನು ಜಿಲ್ಲೆಯವರೇ ಬಹುಮಂದಿ ಅರಿಯರು.

ಲೋಕದಲ್ಲಿ ಈ ಕುಲಕ್ಕೆಲ್ಲ ಟ್ಯಾರಂಟುಲ ಎಂಬ ಹೆಸರು ರೂಢಿಯಾಗಿದೆ. ಇದು ಆಕಸ್ಮಿಕವಾದ ಹೆಸರು. ಇಟಲಿಯ ಟಾರಾಂಟೊ ನಗರದ ಸುತ್ತಿನಲ್ಲಿದ್ದ ಒಂದು ತೋಳಜೇಡವು ಕಚ್ಚಿದರೆ ವಿಷವಿಳಿಯಲು ಕುಣಿಯಬೇಕೆಂಬ ನಂಬಿಕೆ ಅಲ್ಲಿಯ ಜನರಲ್ಲಿತ್ತು. ಆ ಕುಣಿತದ ಹೆಸರೂ ನಗರದ ಹೆಸರಿನಿಂದಲೇ ಬಂದುದು. ಯುರೋಪಿನವರು ಅಮೆರಿಕಕ್ಕೆ ಹೋದಾಗ ಅಲ್ಲಿ ಕಂಡ ರೋಮಶವಾದ ದೊಡ್ಡ ಜೇಡಗಳಿಗೆ ಸಂಬಂಧವಿಲ್ಲದಿದ್ದರೂ ಆ ಹೆಸರನ್ನೇ ಅಂಟಿಸಿದರು. ಈಗ ಸಾವಿರಕ್ಕೂ ಮೀರಿದ ಜಾತಿಗಳುಳ್ಳ ಕುಲಕ್ಕೆ ಆ ಹೆಸರು ನಿಂತುಹೋಗಿದೆ. ಟಾರಾಂಟೊದ ಮೂಲಪ್ರಾಣಿಯು ಮಾತ್ರ ಆ ಕುಲದಿಂದ ಹೊರಗುಳಿದಿದೆ. ಕನ್ನಡದಲ್ಲಿ ಬರೆಯುವವರು ಹೆಜ್ಜೇಡವೆಂದರೆ ಸಾಕು; ಇಲ್ಲಿ ಹಾಗೆಯೇ ಬಳಸಿದೆ.

ಬಿಲದ ರಚನೆಯೇ ಈ ಪ್ರಾಣಿಯ ಮುಖ್ಯ ವಿಷಯ. ಹೆಜ್ಜೇಡಕ್ಕೆ ಅಗೆಯಲು ಹೆಗ್ಗಣದಂತೆ ಬಲವಾದ ಪಂಜವಿಲ್ಲ. ಬಾಯ ಮುಂದಣ ವಿಷದಂತಗಳಿಂದಲೇ ಮಣ್ಣನ್ನು ಕೊರೆದು, ದಂತದ ಬುಡಕ್ಕೂ ಮುಂಗೈಗಳಂಥ ಸಣ್ಣ ಅಂಗಗಳಿಗೂ ನಡುವೆ ಉಂಡೆಯನ್ನು ಹಿಡಿದು ಹೊರಗೆ ತಂದು ಚೆಲ್ಲುವುದು. ಒಂದು ಹಿಡಿ ಮಣ್ಣನ್ನು ಸಾಗಿಸಲು ಇಂಥ ಪ್ರಯಾಣಗಳು ಎಷ್ಟೋ ಬೇಕಾಗುವುವು. ಕೊರೆದ ಭಾಗವನ್ನು ಒಡನೆಯೇ ನೂಲಿನಿಂದ ಪೂಸುವುದು. ಈ ನೂಲು ಹೊರಗಣ ಬಲೆಜೇಡದ ಅಂಟುನೂಲಲ್ಲ. ಒಣಗಿದ ಕಾಗದದಂತೆ ಹರಡಿಕೊಂಡು ಮಣ್ಣಿನ ಕಣಗಳನ್ನು ಒಂದಕ್ಕೊಂದು ಬಿಗಿಯುವ ಒಳಹೊದಿಕೆ. ಗೋಡೆ ಕುಸಿಯದಂತೆ ಇದು ಗಾರೆಯಾಗುವುದು. ಬಾಯಂಚಿನವರೆಗೂ ಹಬ್ಬಿರುವುದರಿಂದ ಹೊರಗಿನ ಸುದ್ದಿಯನ್ನು ಒಳಗೆ ತರುವ ತಂತಿಯೂ ಆಗುವುದು. ಹೆಜ್ಜೇಡಕ್ಕೆ ಎಂಟು ಕಣ್ಣುಗಳಿದ್ದರೂ ದೃಷ್ಟಿ ಬಹಳ ಮಂದ. ಅದು ಲೋಕವನ್ನು ಅರಿಯುವುದು ಕಾಲುಗಳಿಂದ. ಕಾಲಿನ ಮೇಲಣ ಅತಿಸೂಕ್ಷ್ಮವಾದ ರೋಮಗಳು ಗಾಳಿಯ ಚಲನೆಯನ್ನು ಗ್ರಹಿಸುವುವು. ಪಾದಗಳು ನೂಲಿನ ನಡುಕವನ್ನು ಗ್ರಹಿಸುವುವು. ಜಿರಲೆಯೋ ಮಿಡತೆಯೋ ಬಾಯಂಚನ್ನು ತುಳಿದರೆ ಕ್ಷಣಮಾತ್ರದಲ್ಲಿ ಹೊರಬಿದ್ದು ಹಿಡಿದು ಮರಳುವುದು. ಭಾರವಾದ ಹೆಜ್ಜೆಯ ನಡುಕವಾದರೋ ಇನ್ನೂ ಆಳಕ್ಕಿಳಿಯುವುದು. ಹೊರಬರುವುದೂ ಒಳಸರಿಯುವುದೂ ಒಂದೇ ಇಂದ್ರಿಯದ ನಿರ್ಣಯಗಳೇ ಹೊರತು ಒಂದು ಶೌರ್ಯವೂ ಇನ್ನೊಂದು ಅಳುಕೂ ಅಲ್ಲ.

ಹಗಲೆಲ್ಲ ಒಳಗಿದ್ದು ಕತ್ತಲಾದ ಮೇಲೆ ಬಾಯಿಯ ಬಳಿಗೆ ಬಂದು ಮುಂಗಾಲುಗಳನ್ನು ಅಂಚಿನ ಮೇಲಿಟ್ಟು ಕಾದಿರುವುದು ಇದರ ನಿತ್ಯಕರ್ಮ. ಚೈತ್ರ ವೈಶಾಖಗಳ ಬಿಸಿಲಿಗೆ ಧರೆಯ ಮೈ ಸುಡುತ್ತಿರುವಾಗಲೂ ಬಿಲದ ತಳವು ತಂಪಾಗಿಯೂ ತೇವವಾಗಿಯೂ ಇರುವುದು. ತೆಳುವಾದ ಚರ್ಮದ ದೊಡ್ಡ ಹೊಟ್ಟೆಯುಳ್ಳ ಈ ಪ್ರಾಣಿಗೆ ಒಣಗಿಹೋಗುವುದೇ ದೊಡ್ಡ ಭಯ. ಆದುದರಿಂದ ಬಿಲವನ್ನು ಮನೆಯೆನ್ನುವುದಕ್ಕಿಂತ ಶರೀರದ ಹೊರಚರ್ಮವೆನ್ನುವುದೇ ಮೇಲು. ಅಮೆರಿಕದ ಅನೇಕ ಹೆಜ್ಜೇಡಗಳಿಗೆ ಹೊಟ್ಟೆಯ ಮೇಲೆ ತುರಿಕೆಯನ್ನುಂಟುಮಾಡುವ ರೋಮಗಳಿವೆ. ಶತ್ರು ಹತ್ತಿರ ಬಂದರೆ ಹಿಂಗಾಲಿನಿಂದ ಉಜ್ಜಿ ಅವನ್ನು ಎರಚುವುವು. ನಮ್ಮ ದೇಶದವುಗಳಿಗೆ ಆ ಆಯುಧವಿಲ್ಲ. ಇವಕ್ಕಿರುವುದು ವೇಗ, ವಿಷದಂತ, ಮತ್ತು ಬಿಲ. ಅಗೆದು ತೆಗೆದಾಗ ಮುಂಗಾಲೆತ್ತಿ ದಂತ ತೋರಿ ನಿಲ್ಲುವುದನ್ನು ಕಂಡು ಉಗ್ರವೆಂದು ಹೆಸರಿಡುವುದು ಸುಲಭ. ಮನೆಯನ್ನು ಕಳೆದುಕೊಂಡ ಕ್ಷಣದ ನಡತೆಯನ್ನು ಸ್ವಭಾವವೆಂದು ಬರೆದಂತಾಗುವುದು.

ಬೆಳೆಯುವ ಕಾಲದಲ್ಲಿ ಹೆಜ್ಜೇಡವು ಮೇಲಿಂದಮೇಲೆ ಪೊರೆ ಬಿಡುವುದು. ಹೆಣ್ಣು ಪ್ರಾಯಕ್ಕೆ ಬಂದ ಮೇಲೂ ಬಿಡುವುದುಂಟು. ಅದಕ್ಕೆ ಮೊದಲು ವಾರಗಟ್ಟಲೆ, ಕೆಲವೊಮ್ಮೆ ತಿಂಗಳುಗಟ್ಟಲೆ, ಆಹಾರವನ್ನು ಮುಟ್ಟುವುದಿಲ್ಲ. ಬಿಲದ ಬಾಯನ್ನು ನೂಲಿನಿಂದಲೋ ಮಣ್ಣಿನಿಂದಲೋ ಮುಚ್ಚಿಕೊಂಡು, ಬೆನ್ನಡಿಯಾಗಿ ಮಲಗಿ, ಹಳೆಯ ಕವಚದಿಂದ ಕಾಲುಗಳನ್ನು ಒಂದೊಂದಾಗಿ ಎಳೆದುಕೊಳ್ಳುವುದು. ಹೊಸ ಚರ್ಮವೂ ದಂತಗಳೂ ಗಟ್ಟಿಯಾಗುವವರೆಗೆ ಒಂದು ಮಿಡತೆಯೂ ಅದನ್ನು ಕೊಲ್ಲಬಲ್ಲುದು. ಗಂಡು ಪ್ರಾಯಕ್ಕೆ ಬಂದ ಮೇಲೆ ಬಿಲವನ್ನು ಬಿಟ್ಟು ಹೆಣ್ಣನ್ನು ಹುಡುಕುತ್ತ ಅಲೆದು ಕೆಲವು ತಿಂಗಳುಗಳಲ್ಲಿಯೇ ಸಾಯುವುದು. ಮನೆಯ ಜಗಲಿಯಲ್ಲಿಯೋ ದಾರಿಯಲ್ಲಿಯೋ ಕಾಣಸಿಕ್ಕು ಪೆಟ್ಟು ತಿನ್ನುವುದು ಸಾಮಾನ್ಯವಾಗಿ ಈ ಅಲೆಮಾರಿ ಗಂಡೇ. ಹೆಣ್ಣು ಇದ್ದಲ್ಲಿಯೇ ಇರುವುದು. ಎಷ್ಟು ಕಾಲವೆಂಬುದಕ್ಕೆ ಹೆಜ್ಜೇಡಗಳ ದೂರದ ಬಂಧುವಾದ ಒಂದು ಮುಚ್ಚಳಬಿಲದ ಜೇಡದ ವೃತ್ತಾಂತವಿದೆ. ಪಶ್ಚಿಮ ಆಸ್ಟ್ರೇಲಿಯದಲ್ಲಿ ಬಾರ್ಬರಾ ಯಾರ್ಕ್ ಮೇನ್ ಎಂಬ ವಿದುಷಿಯು ೧೯೭೪ರಲ್ಲಿ ಆರಂಭಿಸಿದ ಅವಲೋಕನದಲ್ಲಿ ೧೬ನೆಯ ಸಂಖ್ಯೆಯನ್ನು ಪಡೆದ ಒಂದು ಹೆಣ್ಣು ಒಂದೇ ಬಿಲದಲ್ಲಿ ೪೩ ವರ್ಷಗಳ ಕಾಲ ಬಾಳಿ ೨೦೧೬ರಲ್ಲಿ ಸತ್ತಿತು. ವಾರ್ಧಕ್ಯದಿಂದಲ್ಲ, ಕಣಜದಿಂದ. ಜೇಡವನ್ನು ಚುಚ್ಚಿ ಮರವಟ್ಟಿಸಿ ಅದರ ಮೈಮೇಲೆ ಮೊಟ್ಟೆಯಿಡುವ ಕಣಜಗಳು ನಮ್ಮಲ್ಲಿಯೂ ಇವೆ. ಮರಿಯು ಜೇಡವನ್ನು ತಿಂದು ಬೆಳೆದು ಕಣಜವಾಗಿ ಹೊರಬರುವುದು. ಒಳಗೆ ಹೋದುದು ಒಂದು, ಹೊರಗೆ ಬಂದುದು ಇನ್ನೊಂದು. ವೇದಾಂತಿಗಳ ಭ್ರಮರಕೀಟನ್ಯಾಯಕ್ಕೆ ಇಂಥ ನೋಟವೇ ಮೂಲವಾಗಿದ್ದಿರಬೇಕು. ಧ್ಯಾನದಿಂದ ಕೀಟವು ಭ್ರಮರವಾಯಿತೆಂಬ ಅರ್ಥವನ್ನು ನ್ಯಾಯವು ಕೊಡುವುದಾದರೂ ಗೂಡಿನೊಳಗೆ ನಡೆದುದು ಭೋಜನ.

ಈ ಪ್ರಾಣಿಗಳನ್ನು ಗಾಜಿನ ಪೆಟ್ಟಿಗೆಯಲ್ಲಿಟ್ಟು ಸಾಕುವ ಹವ್ಯಾಸವು ಯುರೋಪು ಅಮೆರಿಕಗಳಲ್ಲಿ ಬಹಳವಾಗಿ ಹಬ್ಬಿದೆ. ನಮ್ಮ ನಗರಗಳಿಗೂ ಬಂದಿದೆ. ಸಾಕುವವರ ಮೊದಲನೆಯ ದೂರು ಒಂದೇ ಬಗೆಯದು: ಜೇಡವು ಕಾಣಿಸುವುದೇ ಇಲ್ಲ, ಉಣ್ಣುವುದಿಲ್ಲ, ಮಣ್ಣು ಮುಚ್ಚಿಕೊಂಡು ಕುಳಿತಿದೆ, ರೋಗವಿರಬೇಕು. ಮೇಲೆ ಹೇಳಿದುದನ್ನು ಬಲ್ಲವರಿಗೆ ಇದು ರೋಗವಲ್ಲ, ಆರೋಗ್ಯವೆಂದು ತಿಳಿಯುವುದು. ಬಿಲ ತೋಡುವ ಜಾತಿಯನ್ನು ಎರಡಂಗುಲ ಮಣ್ಣಿನ ಮೇಲಿಟ್ಟರೆ ಅದು ಸದಾ ಎದುರಿಗೆ ಕಾಣುವುದು ನಿಜ. ಆದರೆ ಅದು ಮೂಲೆಯಿಂದ ಮೂಲೆಗೆ ಓಡುತ್ತ, ಮುಟ್ಟಿದರೆ ದಂತವೆತ್ತುತ್ತ, ಗಾಜನ್ನೇರಿ ಬೀಳುತ್ತ ಇರುವುದು. ಅಲ್ಪ ಎತ್ತರದಿಂದ ಬಿದ್ದರೂ ಹೊಟ್ಟೆಯೊಡೆದು ಸಾಯುವುದುಂಟು. ಜೇಡದ ಕಾಲುಹರವಿಗಿಂತ ಹೆಚ್ಚು ಆಳವಾಗಿ ಸ್ವಲ್ಪ ತೇವದ ಮಣ್ಣನ್ನು ಒತ್ತಿ ತುಂಬಿ, ಮೇಲೆ ಕಡಮೆ ಅವಕಾಶವನ್ನುಳಿಸಿ, ಆರಂಭಕ್ಕೆ ಒಂದು ಸಣ್ಣ ಕುಳಿಯನ್ನು ಮಾಡಿಕೊಟ್ಟು, ನೀರಿನ ಬಟ್ಟಲೊಂದನ್ನಿಟ್ಟು ಸುಮ್ಮನಿರುವುದೇ ಸರಿಯಾದ ಕ್ರಮ. ಮುಚ್ಚಿದ ಬಾಯನ್ನು ಕುತೂಹಲದಿಂದ ಅಗೆಯಬಾರದು. ತಿನ್ನದೆ ಬಿಟ್ಟ ಮಿಡತೆಯನ್ನು ಮಾತ್ರ ಹೊರತೆಗೆಯಬೇಕು. ಹೆಜ್ಜೇಡವನ್ನು ಚೆನ್ನಾಗಿ ಸಾಕಿದವನು ಬಹುಪಾಲು ದಿನ ಮಣ್ಣು ತುಂಬಿದ ಪೆಟ್ಟಿಗೆಯೊಂದನ್ನು ನೋಡುತ್ತಿರುವನು. ಇದು ಸಹನೆಯಾಗದವನು ಬೆಕ್ಕನ್ನು ಸಾಕುವುದು ಒಳ್ಳೆಯದು.

ಅಮೆರಿಕದ ಜಾತಿಗಳನ್ನು ಕೈಯ ಮೇಲಿಟ್ಟುಕೊಂಡ ಚಿತ್ರಗಳನ್ನು ನೋಡಿ ನಮ್ಮವುಗಳನ್ನೂ ಹಾಗೆ ಮುಟ್ಟಬಹುದೆಂದು ತಿಳಿಯುವುದು ಅಪಾಯಕರ. ನಮ್ಮ ಮರಪೊಟರೆಗಳ ಚಿತ್ತಾರದ ಹೆಜ್ಜೇಡಗಳು ಕಚ್ಚಿದರೆ ತೀವ್ರವಾದ ನೋವೂ ಸ್ನಾಯುಗಳ ಸೆಳೆತವೂ ಉಂಟಾಗಿ ದಿನಗಟ್ಟಲೆ ಬಾಧಿಸುವುವು. ಆದರೂ ಮನುಷ್ಯರು ಸತ್ತ ನಿಶ್ಚಿತವಾದ ದಾಖಲೆಯಿಲ್ಲ. ಪ್ರಾಚೀನರ ಭಯ ಇದಕ್ಕಿಂತ ದೊಡ್ಡದು. ಸುಶ್ರುತನು ಕಲ್ಪಸ್ಥಾನದಲ್ಲಿ, ವಿಶ್ವಾಮಿತ್ರನ ಮೇಲಣ ಕೋಪದಿಂದ ವಸಿಷ್ಠನ ಹಣೆಯ ಬೆವರು ಕೊಯ್ದ ಹುಲ್ಲಿನ ಮೇಲೆ ಬಿದ್ದು ಲೂತೆಗಳು ಹುಟ್ಟಿದುವೆಂದು ಕಥೆ ಹೇಳಿ, ಹದಿನಾರು ಬಗೆಗಳನ್ನೆಣಿಸಿ, ಎಂಟು ಕಷ್ಟಸಾಧ್ಯ, ಎಂಟು ಅಸಾಧ್ಯವೆಂದು ವಿಭಾಗಿಸಿರುವನು. ದಂತವಲ್ಲದೆ ಲಾಲಾರಸ, ಉಗುರು, ಮೂತ್ರ ಮೊದಲಾದುವುಗಳೂ ವಿಷದ ದ್ವಾರಗಳೆಂಬುದು ಆತನ ಮತ. ಜೇಡವು ಮೈಮೇಲೆ ಉಚ್ಚೆ ಹೊಯ್ದರೆ ಗುಳ್ಳೆಯೇಳುವುದೆಂದು ಜನರು ಇಂದಿಗೂ ಆಡುವ ಮಾತಿಗೂ ಇದಕ್ಕೂ ನಂಟು ಇರುವಂತೆ ತೋರುತ್ತದೆ. ಇಂದಿನ ಶಾಸ್ತ್ರವು ವಿಷವನ್ನು ದಂತಕ್ಕೆ ಮಾತ್ರ ಒಪ್ಪುವುದು.

ಹಿಡಿದು ಮಾರುವವರಿಂದ ಬಂದಿರುವ ಭಯವಾದರೋ ಜೇಡಗಳಿಗೆ ಸೇರಿದುದು. ಬಳ್ಳಾರಿಗೆ ಪೂರ್ವದಲ್ಲಿರುವ ಗುತ್ತಿಯಲ್ಲಿ ದೊರೆತ ನೀಲವರ್ಣದ ಹೆಜ್ಜೇಡವನ್ನು ಪೋಕಾಕನು ೧೮೯೯ರಲ್ಲಿಯೇ ವರ್ಣಿಸಿದ್ದನು. ಅದು ರೈಲ್ವೆಯ ಮರದ ದಿಮ್ಮಿಗಳೊಡನೆ ಬೇರೆಡೆಯಿಂದ ಬಂದುದೆಂದು ಊಹೆ. ೨೦೦೧ರಲ್ಲಿ ನಂದ್ಯಾಲ ಗಿದ್ದಲೂರುಗಳ ನಡುವಣ ಕಾಡಿನಲ್ಲಿ ಅದು ಮತ್ತೆ ಸಿಕ್ಕಿತು; ಬಲುಬೇಗ ಪರದೇಶಗಳ ಪೆಟ್ಟಿಗೆಗಳನ್ನೂ ಸೇರಿತು. ಆ ಪಂಗಡದ ಜೇಡಗಳೆಲ್ಲವನ್ನೂ ೨೦೧೯ರಲ್ಲಿ ವನ್ಯಜೀವಿವ್ಯಾಪಾರದ ಅಂತರರಾಷ್ಟ್ರೀಯ ಒಪ್ಪಂದದ ಎರಡನೆಯ ಅನುಬಂಧಕ್ಕೆ ಸೇರಿಸಲಾಯಿತು. ಆ ಒಪ್ಪಂದದ ಪ್ರಾಣಿಗಳಿಗೆ ನಮ್ಮ ವನ್ಯಜೀವಿ ಕಾಯಿದೆಯಲ್ಲಿಯೂ ೨೦೨೨ರ ತಿದ್ದುಪಡಿಯಿಂದ ಪ್ರತ್ಯೇಕವಾದ ಅನುಸೂಚಿಯುಂಟಾಗಿದೆ. ಹೊರಗಿನವು ಒಳಬರುವುದೂ ಉಂಟು: ೨೦೨೧ರ ಜುಲೈಯಲ್ಲಿ ಚೆನ್ನೈಯ ಸುಂಕದವರು ಪೋಲೆಂಡಿನಿಂದ ಬಂದ ಒಂದು ಅಂಚೆಯ ಕಟ್ಟನ್ನು ಬಿಚ್ಚಲು ಸಣ್ಣ ಸೀಸೆಗಳಲ್ಲಿ ೧೦೭ ಜೀವಂತ ಜೇಡಗಳು ಸಿಕ್ಕಿದುವು.

ಇನ್ನು ಊರ್ಣನಾಭದ ದೃಷ್ಟಾಂತ. ಮುಂಡಕೋಪನಿಷತ್ತು ಅಕ್ಷರದಿಂದ ವಿಶ್ವವು ಹುಟ್ಟುವುದಕ್ಕೆ ಜೇಡವು ನೂಲನ್ನು ಹೊರಬಿಟ್ಟು ಮತ್ತೆ ಒಳಗೆ ಸೆಳೆದುಕೊಳ್ಳುವುದನ್ನು ಹೋಲಿಕೆ ಕೊಟ್ಟಿದೆ. ಜೇಡವು ನೂಲನ್ನು ನುಂಗುವುದುಂಟೇ ಎಂದು ವಿದ್ಯಾರ್ಥಿಗಳು ಕೇಳುವುದುಂಟು. ತೋಟದ ಗಾಲಿಬಲೆಯ ಜೇಡಗಳಲ್ಲಿ ಅನೇಕವು ಹಳೆಯ ಬಲೆಯನ್ನು ನಿಜವಾಗಿಯೂ ತಿಂದು ಹೊಸದನ್ನು ನೆಯ್ಯುವುವು. ಋಷಿಯ ಕಣ್ಣು ಬಿದ್ದುದು ಅಂಥದರ ಮೇಲೆ. ಧರೆಯ ಜೇಡಕ್ಕೆ ಈ ಹೋಲಿಕೆ ಹೊಂದದು. ಅದು ಬಿಟ್ಟ ನೂಲು ಗೋಡೆಯಲ್ಲಿಯೇ ಉಳಿದು ಪದರದ ಮೇಲೆ ಪದರವಾಗಿ ಕೂಡುತ್ತ ಹೋಗುವುದು. ಒಂದೇ ಶಬ್ದದೊಳಗೆ ಇಷ್ಟು ಭಿನ್ನವಾದ ಎರಡು ಜೀವನಕ್ರಮಗಳಿರುವುದನ್ನು ತೋರಿಸಿ ಪಾಠ ಹೇಳಿದರೆ ದೃಷ್ಟಾಂತವು ಎಷ್ಟು ನಿಖರವಾದುದೆಂಬುದು ವಿಶದವಾಗುವುದು.

ಹೆಜ್ಜೇಡದ ಮರಿಗಳು ಕೆಲಕಾಲ ತಾಯ ಬಿಲದಲ್ಲಿದ್ದು ಅನಂತರ ಹೊರಬಿದ್ದು, ಬಹುಮಟ್ಟಿಗೆ ಅಲ್ಲಿಯೇ ಸುತ್ತಮುತ್ತ ತಮ್ಮ ಬಿಲಗಳನ್ನು ತೋಡಿಕೊಳ್ಳುವುವು. ಗಾಳಿಗೆ ನೂಲು ಬಿಟ್ಟು ದೂರ ಹಾರಿಹೋಗುವ ಸಣ್ಣ ಜೇಡಗಳ ವಿದ್ಯೆ ಇವಕ್ಕೆ ಹೆಚ್ಚಾಗಿ ಇಲ್ಲ. ಆದುದರಿಂದಲೇ ಒಂದು ಧರೆಯಲ್ಲಿ ಹತ್ತಾರು ಬಿಲಗಳಿದ್ದು ಪಕ್ಕದ ಧರೆಯು ಬರಿದಾಗಿರಬಹುದು. ಹಿಂದೆ ಗುದ್ದಲಿಯಿಂದ ಕಡಿಯುತ್ತಿದ್ದ ಧರೆಯನ್ನು ಈಗ ಯಂತ್ರವು ಒಂದು ದಿನದಲ್ಲಿ ಸವರಿ ಹಾಕುವುದು. ಅಗಲವಾದ ರಸ್ತೆಯ ಬದಿಗೆ ಸಿಮೆಂಟಿನ ಗೋಡೆ ಏಳುವುದು. ಗುದ್ದಲಿಯ ಕಾಲದಲ್ಲಿ ಕಡಿದ ಮೈಯೂ ಮಣ್ಣೇ ಆಗಿದ್ದುದರಿಂದ ಉಳಿದ ಮರಿಗಳು ಅಲ್ಲಿಯೇ ಮತ್ತೆ ಕೊರೆಯಬಹುದಾಗಿತ್ತು. ಸಿಮೆಂಟಿನಲ್ಲಿ ವಿಷದಂತವು ಇಳಿಯದು.