ಒಂದೂವರೆ ಗಂಟೆಯ ದೂರ

ದೂರವನ್ನು ಅಳೆಯಲು ನಮ್ಮ ಹಿರಿಯರು ಬಳಸಿದ ಮಾತುಗಳಲ್ಲಿ ನನಗೆ ಬಲು ಪ್ರಿಯವಾದುದು ‘ಕೂಗಳತೆ’. ಗಾವುದ, ಹರದಾರಿಗಳು ನೆಲವನ್ನಷ್ಟೇ ಅಳೆಯುತ್ತವೆ. ಕೂಗಳತೆಗೆ ಕೂಗುವವನೊಬ್ಬ, ಓಗೊಡುವವನೊಬ್ಬ ಇರಲೇಬೇಕು. ಕೆನಡಾ ದೇಶದ ಉತ್ತರದ ಅಂಚಿನಲ್ಲಿರುವ ಎರಡು ವಿಮಾನ ನಿಲ್ದಾಣಗಳ ಅಂತರವನ್ನು ಭೂಪಟದ ಮೇಲೆ ಲೆಕ್ಕಹಾಕುವಾಗ ಈ ಮಾತು ಮತ್ತೆ ಮತ್ತೆ ನೆನಪಿಗೆ ಬಂದಿತು.

ಒಂದು, ಕಾರ್ನ್‌ವಾಲಿಸ್ ದ್ವೀಪದ ರೆಸಲ್ಯೂಟ್. ಇನ್ನೊಂದು, ಎಲ್ಸ್‌ಮಿಯರ್ ದ್ವೀಪದ ದಕ್ಷಿಣ ದಡದ ಗ್ರೀಸ್ ಫಿಯರ್ಡ್. ಇವುಗಳ ನಡುವೆ ಸುಮಾರು 12 ಡಿಗ್ರಿ ರೇಖಾಂಶದ ವ್ಯತ್ಯಾಸವಿದೆ. ಭೂಮಧ್ಯರೇಖೆಯ ಮೇಲಾಗಿದ್ದರೆ ಇದು 1,300 ಕಿಲೋಮೀಟರಿಗೂ ಮಿಗಿಲಾದ ದಾರಿ. ಧ್ರುವದತ್ತ ಹೋದಂತೆ ರೇಖಾಂಶಗಳು ಕೊಡೆಯ ಕಡ್ಡಿಗಳಂತೆ ಒತ್ತಿಬರುವುದರಿಂದ, ಉತ್ತರಕ್ಕೆ ಏರಬೇಕಾದ ಅಂತರವೂ ಸೇರಿ ಆಕಾಶಮಾರ್ಗ ಸುಮಾರು 385 ಕಿಲೋಮೀಟರ್ ಮಾತ್ರ. ರಸ್ತೆಯೆಂಬುದಿಲ್ಲ. ಟ್ವಿನ್ ಆಟರ್ ಎಂಬ ಪುಟ್ಟ ವಿಮಾನಕ್ಕೆ ಇದು ಒಂದೂವರೆ ಗಂಟೆಯ ಪಯಣ. ಗ್ರೀಸ್ ಫಿಯರ್ಡಿನಲ್ಲಿ ವಿಮಾನವಿಳಿಯುವುದು ಬೆಟ್ಟದ ಬುಡದ ಗಿಡ್ಡನೆಯ ಜಲ್ಲಿ ಹಾದಿಯಲ್ಲಿ. ಗಾಳಿ ಮಂಜುಗಳು ಒಪ್ಪದಿದ್ದರೆ ಆ ಒಂದೂವರೆ ಗಂಟೆಗಾಗಿ ದಿನಗಟ್ಟಲೆ ಕಾಯಬೇಕು.

ಇಷ್ಟು ಭೂಗೋಳ. ಆದರೆ ಆ ಎರಡು ಕಡೆ ಜನ ನೆಲಸಿದ ಬಗೆ ಬೇರೆಯೇ ಒಂದು ಕಥೆ. 1953ರಲ್ಲಿ ಸರ್ಕಾರವು ಹಡ್ಸನ್ ಕೊಲ್ಲಿಯ ಪೂರ್ವತೀರದ ಇನುಕ್ಜುವಾಕಿನಿಂದ 7 ಇನ್ಯೂಯಿಟ್ ಕುಟುಂಬಗಳನ್ನೂ, ದೀರ್ಘ ಕತ್ತಲನ್ನು ಬಲ್ಲವರೆಂದು ಪಾಂಡ್ ಇನ್ಲೆಟ್ಟಿನಿಂದ 3 ಕುಟುಂಬಗಳನ್ನೂ ಹಡಗಿನಲ್ಲಿ ಉತ್ತರಕ್ಕೆ ಸಾಗಿಸಿತು. ಅಲ್ಲಿ ಬೇಟೆ ಹೇರಳ, ಒಗ್ಗದಿದ್ದರೆ 2 ವರ್ಷಗಳಲ್ಲಿ ಮರಳಬಹುದು ಎಂಬ ಭರವಸೆಯಿತ್ತು. ಆ ನಿರ್ಜನ ದ್ವೀಪಗಳ ಮೇಲಣ ಒಡೆತನಕ್ಕೆ ತಮ್ಮನ್ನೇ ಬಾವುಟಗಳಂತೆ ನೆಟ್ಟರೆಂದು ಹೋದವರು ಮುಂದೆ ಹೇಳಿದರು; ನನಗೂ ಹಾಗೆಯೇ ತೋರುತ್ತದೆ.

ಒಟ್ಟಿಗೆ ಬಾಳುವೆವೆಂದು ನಂಬಿ ಹಡಗು ಹತ್ತಿದವರಿಗೆ, ತಮ್ಮನ್ನು ಬೇರೆ ಬೇರೆ ಕಡೆ ಇಳಿಸುವರೆಂಬುದು ತಿಳಿದದ್ದು ಹಡಗು ಉತ್ತರವನ್ನು ಮುಟ್ಟಿದ ಮೇಲೆ. 1999ರಲ್ಲಿ ರೂಪುಗೊಂಡ ನೂನಾವುಟ್ ಪ್ರದೇಶದ ಜನಕರೆನಿಸಿದ ಜಾನ್ ಅಮಾಗೊಆಲಿಕ್ ಆಗ ಆ ಹಡಗಿನಲ್ಲಿದ್ದ ಬಾಲಕ. ಹೆಂಗಸರು ಗೋಳಿಟ್ಟುದನ್ನೂ, ಅದನ್ನು ಕೇಳಿ ನಾಯಿಗಳು ಊಳಿಟ್ಟುದನ್ನೂ ಅವರು ಮುಂದೆ ನೆನೆದಿದ್ದಾರೆ. ಕೆಲವರು ರೆಸಲ್ಯೂಟಿನಲ್ಲಿ ಇಳಿದರು, ಕೆಲವರು ಗ್ರೀಸ್ ಫಿಯರ್ಡಿನ ಸೀಮೆಯಲ್ಲಿ. ಹುಟ್ಟೂರು ಅಲ್ಲಿಂದ ಸುಮಾರು 2,000 ಕಿಲೋಮೀಟರ್. ಅಲ್ಲಿ ಚಳಿಗಾಲದಲ್ಲೂ ಸೂರ್ಯ ದಿನಕ್ಕೊಮ್ಮೆ ಮುಖ ತೋರುತ್ತಿದ್ದ. ಇಲ್ಲಿ ಸುಮಾರು ಮೂರು ತಿಂಗಳು ಮೂಡುವುದೇ ಇಲ್ಲ. ಇನ್ಯೂಯಿಟರ ನುಡಿಯಲ್ಲಿ ರೆಸಲ್ಯೂಟಿಗೆ ‘ಬೆಳಗಾಗದ ತಾಣ’ವೆಂದೂ, ಗ್ರೀಸ್ ಫಿಯರ್ಡಿಗೆ ‘ಎಂದೂ ಕರಗದ ತಾಣ’ವೆಂದೂ ಹೆಸರು. ಟ್ವಿನ್ ಆಟರ್ ಆಗ ಹುಟ್ಟಿಯೇ ಇರಲಿಲ್ಲ. ಅದು ಮೊದಲು ಹಾರಿದ್ದು 1965ರಲ್ಲಿ. ಅಣ್ಣ ಒಂದು ದ್ವೀಪದಲ್ಲಿ, ತಂಗಿ ಇನ್ನೊಂದರಲ್ಲಿ ಉಳಿದರೆ ಆ 385 ಕಿಲೋಮೀಟರನ್ನು ಯಾವ ಗಂಟೆಗಳಲ್ಲಿ ಎಣಿಸುವುದು?

ಮರಳಿಸುವ ಮಾತನ್ನು ಸರ್ಕಾರ ನಡೆಸಿಕೊಡಲಿಲ್ಲ. 1955ರಲ್ಲಿ ಇನ್ನಷ್ಟು ಕುಟುಂಬಗಳು ಬಂದವು. ಕ್ಷಮೆ ಕೇಳಿದ್ದು 2010ರ ಆಗಸ್ಟ್ 18ರಂದು.

ಅದೇ ವರ್ಷ ಎರಡೂ ಊರುಗಳಲ್ಲಿ ಸ್ಮಾರಕಗಳು ನಿಂತವು. ಗ್ರೀಸ್ ಫಿಯರ್ಡಿನದನ್ನು ಲೂಟಿ ಪಿಜಾಮಿನಿ ಕಡೆದರು: ಒಬ್ಬ ಹೆಂಗಸು, ಒಬ್ಬ ಹುಡುಗ, ಒಂದು ನಾಯಿ, ಹೆಂಗಸಿನ ನೋಟ ರೆಸಲ್ಯೂಟಿನತ್ತ. ರೆಸಲ್ಯೂಟಿನಲ್ಲಿ ಸಿಮಿಯೋನಿ ಅಮಾಗೊಆಲಿಕ್ ಕಡೆದ ಒಂಟಿ ಗಂಡಸು ಗ್ರೀಸ್ ಫಿಯರ್ಡಿನ ಕಡೆಗೆ ನೋಡುತ್ತ ನಿಂತಿದ್ದಾನೆ.