‘ಹೋಗಬೇಕಾಗೇತ್ರಿ’ ಎಂಬುದನ್ನು ಇಂಗ್ಲಿಷಿನಲ್ಲಿ ಹೇಳುವುದು ಹೇಗೆ?

ಕಡಲೆ ರಾಶಿಯ ಹಂಗಾಮಿನಲ್ಲಿ ಬೀಗರ ಮನೆಯ ಮದುವೆಗೆ ಹೊರಟ ನವಲಗುಂದದ ರೈತ ‘ಹೋಗಬೇಕಾಗೇತ್ರಿ’ ಎನ್ನುತ್ತಾನೆ. ಹೋಗುವ ಮನಸ್ಸಿಲ್ಲ, ಹೋಗದೆ ವಿಧಿಯಿಲ್ಲ ಎಂಬ ಎರಡೂ ಭಾವ ಆ ಒಂದೇ ಪದದಲ್ಲಿ ಅಡಗಿವೆ. ಅದೇ ಮಾತನ್ನು ಆತನ ಮಗ ಹುಬ್ಬಳ್ಳಿಯ ಕಚೇರಿಯಲ್ಲಿ ಇಂಗ್ಲಿಷಿನಲ್ಲಿ ಹೇಳಹೊರಟರೆ ಶಾಲೆಯಲ್ಲಿ ಕಲಿತ ‘ಐ ಮಸ್ಟ್ ಗೋ’ ಎಂಬ ವಾಕ್ಯವೇ ಮೊದಲು ನಾಲಿಗೆಗೆ ಬರುತ್ತದೆ. ವ್ಯಾಕರಣದಲ್ಲಿ ದೋಷವಿಲ್ಲ. ಆದರೆ ಕೇಳಿದವರಿಗೆ ಇದು ಆತನ ಸ್ವಂತ ನಿರ್ಧಾರದಂತೆ ತೋರುತ್ತದೆಯೇ ಹೊರತು ಮೇಲೆ ಬಿದ್ದ ಹೊರೆಯಂತಲ್ಲ.

ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳಲ್ಲಿ 2007-08ರಿಂದ ಒಂದನೇ ತರಗತಿಯಲ್ಲಿಯೇ ಇಂಗ್ಲಿಷನ್ನು ಒಂದು ಭಾಷೆಯಾಗಿ ಕಲಿಸಲು ಆರಂಭಿಸಲಾಯಿತು. ಆ ವರ್ಷ ಶಾಲೆಗೆ ಸೇರಿದ ನವಲಗುಂದ, ಕುಂದಗೋಳ, ಕಲಘಟಗಿ, ಅಣ್ಣಿಗೇರಿಯ ಮಕ್ಕಳು ಇಂದು ಉದ್ಯೋಗದ ವಯಸ್ಸಿಗೆ ಬಂದಿದ್ದಾರೆ. ಪದಗಳು ಅವರಿಗೆ ಗೊತ್ತು. ತೊಡಕಾಗುವುದು ಪದಗಳ ಹಿಂದಿರುವ ದಾಕ್ಷಿಣ್ಯ. ಪರೀಕ್ಷೆಯಲ್ಲಿ ಇದಕ್ಕೆ ಅಂಕ ಕಳೆಯುವವರಿಲ್ಲ. ಸಂದರ್ಶನದಲ್ಲಿ ಮಾತ್ರ ‘ಹುಡುಗ ಒರಟ’ ಎಂಬ ಅಭಿಪ್ರಾಯ ಸದ್ದಿಲ್ಲದೆ ಮೂಡಿಬಿಡುತ್ತದೆ.

ಕನ್ನಡದ ‘ಬೇಕು’ ಬಹಳ ಉದಾರವಾದ ಪದ. ಆಸೆ, ಅಗತ್ಯ, ಕರ್ತವ್ಯ ಎಲ್ಲವನ್ನೂ ಅದು ಹೊರುತ್ತದೆ. ‘ಎರಡು ದಿನ ರಜೆ ಬೇಕ್ರಿ’ ಎಂದರೆ ಧಾರವಾಡದ ಕಡೆ ವಿನಂತಿಯೇ ಆಯಿತು. ಅದನ್ನು ‘ಐ ವಾಂಟ್ ಲೀವ್’ ಎಂದು ತಿರುಗಿಸಿದರೆ ಹಟವಾಗುತ್ತದೆ. ‘ಐ ಆ್ಯಮ್ ಅಫ್ರೇಡ್ ಐ ಹ್ಯಾವ್ ಟು ಟೇಕ್ ಟು ಡೇಸ್ ಆಫ್’ ಎಂದರೆ ಸರಿಹೋಗುತ್ತದೆ. ಇಲ್ಲಿ ‘ಅಫ್ರೇಡ್’ ಎಂಬುದಕ್ಕೂ ಹೆದರಿಕೆಗೂ ಸಂಬಂಧವಿಲ್ಲ. ‘ಏನ್ ಮಾಡೂದ್ರಿ’ ಎಂಬ ನಮ್ಮ ಸಂಕೋಚದ ಮಾತಿಗೆ ಅದು ಹತ್ತಿರದ್ದು. ‘ಹ್ಯಾವ್ ಟು’ ಎಂಬುದು ಸಾಮಾನ್ಯವಾಗಿ ಹೊರಗಿನಿಂದ ಬಂದ ಒತ್ತಾಯವನ್ನು ಸೂಚಿಸುತ್ತದೆ. ‘ಐ ಸಪೋಸ್ ಐ ಶುಡ್ ಗೋ’ ಎಂದರೆ ಮನಸ್ಸಿಲ್ಲದ ಮನಸ್ಸಿನ ಒಪ್ಪಿಗೆ. ‘ಹೋಗೂದ ಬಂತಲ್ಲ’ ಎನ್ನುವಾಗಿನ ನಿಟ್ಟುಸಿರು ಅದರಲ್ಲಿದೆ.

ಭೂತಕಾಲಕ್ಕೆ ಬಂದರೆ ಈ ಅರ್ಥದಲ್ಲಿ ‘ಮಸ್ಟ್’ ಸಹಾಯಕ್ಕೆ ಬರುವುದೇ ಇಲ್ಲ. ‘ಹೋಗಬೇಕಾತು’ ಎಂದರೆ ಒಲ್ಲದ ಮನಸ್ಸಿನಿಂದ ಹೋದದ್ದು, ‘ಹ್ಯಾಡ್ ಟು ಗೋ’. ‘ಹೋಗಬೇಕಿತ್ತು’ ಎಂದರೆ ಹೋಗದೆ ಉಳಿದು ಹಳಹಳಿಸುವುದು, ‘ಶುಡ್ ಹ್ಯಾವ್ ಗಾನ್’. ಕನ್ನಡದಲ್ಲಿ ಎಂದೂ ತಪ್ಪದವರು ಇಂಗ್ಲಿಷಿನಲ್ಲಿ ಇವೆರಡನ್ನು ಅದಲುಬದಲು ಮಾಡುವುದುಂಟು.

ಇದಕ್ಕಿಂತ ದೊಡ್ಡ ಅಪಾಯವಿರುವುದು ‘ಬ್ಯಾಡ’ದಲ್ಲಿ. ‘ನೀವು ಬರೂದು ಬ್ಯಾಡ್ರಿ’ ಎಂದರೆ ‘ನೀವೇಕೆ ತೊಂದರೆ ತೆಗೆದುಕೊಳ್ಳುತ್ತೀರಿ’ ಎಂಬ ಉಪಚಾರವೂ ಆಗಬಹುದು, ಬರಕೂಡದೆಂಬ ತಡೆಯೂ ಆಗಬಹುದು. ಯಾವುದೆಂಬುದನ್ನು ಧ್ವನಿ ಮತ್ತು ಮುಖಭಾವ ಹೇಳುತ್ತವೆ. ಇಂಗ್ಲಿಷ್ ಇವೆರಡನ್ನೂ ಬೇರೆ ಬೇರೆ ಮಾಡಿಟ್ಟಿದೆ. ಉಪಚಾರಕ್ಕೆ ‘ಯು ಡೋಂಟ್ ಹ್ಯಾವ್ ಟು ಕಮ್’, ನಿಷೇಧಕ್ಕೆ ‘ಯು ಮಸ್ಟ್ ನಾಟ್ ಕಮ್’. ಹಿರಿಯ ಗ್ರಾಹಕರೊಬ್ಬರಿಗೆ ಬ್ಯಾಂಕಿಗೆ ಅಲೆಯುವುದನ್ನು ತಪ್ಪಿಸಲು ಬಯಸಿದ ಸಿಬ್ಬಂದಿ ಎರಡನೆಯದನ್ನು ಆಡಿದರೆ ಉಪಕಾರ ಅವಮಾನವಾಗಿ ಮುಟ್ಟುತ್ತದೆ.

ಸಲಹೆಯ ವಿಷಯದಲ್ಲಿ ತೊಡಕಿನ ಮೂಲವೇ ಬೇರೆ. ಧಾರವಾಡ ಸೀಮೆಯ ಮಾತಿನಲ್ಲಿ ಗೌರವದ ಭಾರವನ್ನೆಲ್ಲ ಹೊರುವುದು ‘ರಿ’ ಎಂಬ ಒಂದಕ್ಷರ. ಬರ್ರಿ, ಕೂಡ್ರಿ, ನೋಡ್ರಿ ಎಂದರೆ ಆಜ್ಞೆಯ ರೂಪವೂ ಮರ್ಯಾದೆಯಾಗುತ್ತದೆ. ಇಂಗ್ಲಿಷಿನಲ್ಲಿ ಅಂಥ ಪ್ರತ್ಯಯವಿಲ್ಲ. ‘ರಿ’ಯನ್ನು ಕಳಚಿ ಅನುವಾದಿಸಿದರೆ ಉಳಿಯುವುದು ಬರಿಯ ‘ಸಿಟ್’, ‘ಕಮ್ ಟುಮಾರೊ’. ‘ಪ್ಲೀಸ್’ ಸೇರಿಸಿದರೂ ಅದು ಮೃದುವಾದ ಆಜ್ಞೆಯೇ ಹೊರತು ಸಲಹೆಯಲ್ಲ. ಆ ಭಾಷೆಯಲ್ಲಿ ಮರ್ಯಾದೆಯನ್ನು ಬಹುಮಟ್ಟಿಗೆ ‘ಕುಡ್’, ‘ವುಡ್’, ‘ಮೈಟ್’ಗಳಂತಹ ಸಹಾಯಕ ಕ್ರಿಯಾಪದಗಳೂ ಪ್ರಶ್ನೆಯ ರೂಪವೂ ನಿಭಾಯಿಸುತ್ತವೆ.

ಹಾಗೆ ನೋಡಿದರೆ ಈ ಜಾಣ್ಮೆ ನಮ್ಮವರಿಗೆ ಹೊಸದೇನಲ್ಲ. ‘ಹಿಂಗ ಮಾಡಿದ್ರ ಹೆಂಗ್ರೀ?’ ಎಂದು ಕುಂದಗೋಳದಲ್ಲಿ ಕೇಳುವ ಪ್ರಶ್ನೆಯೇ ‘ಹೌ ಅಬೌಟ್ ಡೂಯಿಂಗ್ ಇಟ್ ದಿಸ್ ವೇ?’ ಎಂಬುದು. ‘ಡಾಕ್ಟರಿಗೆ ತೋರಿಸಬಹುದಲ್ರೀ’ ಎಂಬುದಕ್ಕೆ ‘ಯು ಕುಡ್ ಸೀ ಎ ಡಾಕ್ಟರ್’ ಎಂಬುದು ಸಹಜವಾಗಿ ಒದಗುತ್ತದೆ. ‘ಯು ಶುಡ್’ ಗೆಳೆಯರಲ್ಲಿ ನಡೆದೀತು. ಮೇಲಧಿಕಾರಿಗೆ ಅದು ಉಪದೇಶದಂತೆ ಕೇಳಿಸಬಹುದು. ಎಚ್ಚರ ವಹಿಸಬೇಕಾದದ್ದು ‘ಯು ಹ್ಯಾಡ್ ಬೆಟರ್’ ಬಗ್ಗೆ. ‘ಬೆಟರ್’ ಎಂದರೆ ಉತ್ತಮ ಎಂದು ಕಲಿತವರು ಅದನ್ನು ‘ಛಲೋ ಆಕ್ಕೈತಿ’ ಎಂಬ ಅರ್ಥದಲ್ಲಿ ಬಳಸುತ್ತಾರೆ. ಆದರೆ ‘ಹಾಗೆ ಮಾಡದಿದ್ದರೆ ನೆಟ್ಟಗಾಗದು’ ಎಂಬ ಎಚ್ಚರಿಕೆಯ ಮೊನೆ ಅದರಲ್ಲಿದೆ. ಅರ್ಜಿಗೆ ಸಹಿ ಕೇಳುವ ಮುನ್ನ ಇದು ನೆನಪಿರುವುದು ಕ್ಷೇಮ.

ಸಮಸ್ಯೆ ಮಾತನಾಡುವವರದ್ದಷ್ಟೇ ಅಲ್ಲ, ಕೇಳುವವರದ್ದೂ ಹೌದು. ಬೆಂಗಳೂರಿನ ಕಂಪನಿಯೊಂದರಲ್ಲಿ ಕೆಲಸಕ್ಕೆ ಸೇರಿದ ಅಣ್ಣಿಗೇರಿಯ ಯುವತಿಗೆ ವಿದೇಶಿ ಮೇಲಧಿಕಾರಿ ‘ಯು ಮೈಟ್ ವಾಂಟ್ ಟು ಚೆಕ್ ದಿಸ್ ಒನ್ಸ್ ಮೋರ್’ ಎಂದರೆಂದು ಭಾವಿಸೋಣ. ಅಕ್ಷರಶಃ ಓದಿದರೆ ‘ಇನ್ನೊಮ್ಮೆ ನೋಡಲು ನಿಮಗೆ ಇಷ್ಟವಾಗಬಹುದು’ ಎಂದಷ್ಟೇ. ಇಷ್ಟವಿಲ್ಲದಿದ್ದರೆ ಬಿಡಬಹುದೆಂದು ಆಕೆ ಸುಮ್ಮನಾದರೆ ಮರುದಿನ ಕೇಳಬೇಕಾದ ಮಾತು ಬೇರೆಯೇ ಇರುತ್ತದೆ. ಆ ವಾಕ್ಯದ ನಿಜವಾದ ಕನ್ನಡ ರೂಪ ‘ಇದರಾಗ ತಪ್ಪೈತಿ, ತಿದ್ದಿ ಕೊಡ್ರಿ’.