ಲೆಕ್ಕ ಪರಿಶೋಧನೆ ಮತ್ತು ದಾರಿಯ ವೆಚ್ಚ: ಕೋರಮಂಡಲ್ ಪರಿಸರದ ಒಂದು ಅವಲೋಕನ

ಲೆಕ್ಕ ಪರಿಶೋಧನೆಯ ವೆಚ್ಚವನ್ನು ಸಾಮಾನ್ಯವಾಗಿ ಕಂಪನಿಯ ಗಾತ್ರ ಹಾಗೂ ವಹಿವಾಟಿನ ಜಟಿಲತೆಯಿಂದ ವಿವರಿಸಲಾಗುತ್ತದೆ. ಪರಿಶೋಧಕರು ಕ್ರಮಿಸಬೇಕಾದ ದಾರಿಯೂ ಆ ವೆಚ್ಚದ ಅಂಗವೆಂಬುದನ್ನು ಇಲ್ಲಿ ಗಮನಿಸಬೇಕು. ಲೆಕ್ಕದ ಪುಸ್ತಕಗಳನ್ನು ತರಿಸಿಕೊಳ್ಳಬಹುದು. ದಾಸ್ತಾನನ್ನು ಮಾತ್ರ ಇದ್ದಲ್ಲಿಗೇ ಹೋಗಿ ನೋಡಬೇಕು.

ಹಳೆಯ ಮೈಸೂರಿನ ಗ್ರಾಮಜೀವನಕ್ಕೆ ಈ ಭೇದ ಹೊಸದಲ್ಲ. ಜಮಾಬಂದಿಯಲ್ಲಿ ಶಾನುಭೋಗರು ಊರಿನ ಲೆಕ್ಕವನ್ನು ಅಧಿಕಾರಿಗಳ ಮುಂದೆ ಒಪ್ಪಿಸುತ್ತಿದ್ದರು. ಕೆರೆಯ ನೀರು, ಹೊಲದ ಬೆಳೆ ಮಾತ್ರ ಅವರ ದಫ್ತರದಲ್ಲಿ ಬರುವಂಥವಲ್ಲ.

ಕೋಲಾರ ಚಿನ್ನದ ಗಣಿಗಳಲ್ಲಿ ಇದೇ ಭೇದ ಹಿಗ್ಗಿ ಕಾಣುತ್ತದೆ. 1880ರಿಂದ ಜಾನ್ ಟೇಲರ್ ಅಂಡ್ ಸನ್ಸ್ ಆಡಳಿತದಲ್ಲಿ ಬೆಳೆದ ಕಂಪನಿಗಳ ಷೇರುದಾರರು ಬಹುಪಾಲು ಬ್ರಿಟನ್ನಿನಲ್ಲಿದ್ದರು. ಅಲ್ಲಿನ 1900ರ ಕಾಯ್ದೆ ನೋಂದಾಯಿತ ಕಂಪನಿಗಳಿಗೆ ವಾರ್ಷಿಕ ಪರಿಶೋಧನೆಯನ್ನು ಕಡ್ಡಾಯಗೊಳಿಸಿತು. 1894ರ ಬಂಗಾರಪೇಟೆ–ಮಾರಿಕುಪ್ಪಂ ರೈಲುಮಾರ್ಗ ಕೋರಮಂಡಲನ್ನು ಹೊರಜಗತ್ತಿಗೆ ಜೋಡಿಸಿತ್ತು. ಆದರೂ ಲಂಡನ್ನಿಗೆ ಲೆಕ್ಕಪತ್ರ ಕಳುಹಿಸುವುದಕ್ಕಿಂತ ಅಲ್ಲಿಂದ ಪರಿಶೋಧಕರನ್ನು ಗಣಿಗೆ ಕರೆಸುವುದು ಬಹಳ ದುಬಾರಿಯ ಮಾತಾಗಿತ್ತು.

2001ರಲ್ಲಿ ಭಾರತ್ ಗೋಲ್ಡ್ ಮೈನ್ಸ್ ಮುಚ್ಚಿತು. ದಾರಿಯ ಪ್ರಶ್ನೆ ಉಳಿಯಿತು. ಬೆಂಗಳೂರಿನಿಂದ ಈ ಪ್ರದೇಶ ಸುಮಾರು 100 ಕಿಲೋಮೀಟರ್ ದೂರ. ಪರಿಶೋಧನಾ ಶುಲ್ಕವನ್ನು ಹೆಚ್ಚಾಗಿ ಸಿಬ್ಬಂದಿಯ ಗಂಟೆಗಳ ಮೇಲೆ ಅಂದಾಜಿಸಲಾಗುತ್ತದೆ. ನಾಲ್ವರ ತಂಡ ಕೃಷ್ಣರಾಜಪುರದ ವಾಹನದಟ್ಟಣೆಯಲ್ಲಿ ಎರಡು ಗಂಟೆ ಸಿಲುಕಿದರೆ ನಷ್ಟವಾಗುವುದು ಎಂಟು ಗಂಟೆಗಳ ದುಡಿಮೆ. ಒಂದು ದಿನದ ಕೆಲಸ ಮರುದಿನಕ್ಕೆ ಸರಿದರೆ ವಸತಿ, ಊಟದ ಖರ್ಚೂ ಸೇರುತ್ತದೆ. ಆರ್ಥಿಕ ವರ್ಷ ಮಾರ್ಚ್ 31ಕ್ಕೆ ಮುಗಿಯುವುದರಿಂದ ದಾಸ್ತಾನಿನ ಎಣಿಕೆಗಳೆಲ್ಲ ಅದೇ ದಿನಗಳಲ್ಲಿ ಒತ್ತರಿಸುತ್ತವೆ. ದಾರಿ ಬಿಡುವಾದ ದಿನವನ್ನು ಆಯ್ದುಕೊಳ್ಳುವ ಅವಕಾಶ ಕಡಿಮೆ.

ಲೆಕ್ಕ ಪರಿಶೋಧನಾ ಮಾನದಂಡ 501ರ ಪ್ರಕಾರ ದಾಸ್ತಾನು ಗಣನೀಯವಾಗಿದ್ದಲ್ಲಿ, ಕಾರ್ಯಸಾಧ್ಯವಾಗಿರುವವರೆಗೆ, ಪರಿಶೋಧಕರು ಎಣಿಕೆಗೆ ಹಾಜರಿರಬೇಕು. ಕೇವಲ ಅನನುಕೂಲವನ್ನು ಗೈರುಹಾಜರಿಗೆ ಕಾರಣವೆಂದು ಅದು ಒಪ್ಪುವುದಿಲ್ಲ. ಹೀಗಾಗಿ ದಾರಿಯ ವೆಚ್ಚವನ್ನು ಯಾರಾದರೂ ಭರಿಸಲೇಬೇಕು. ಶುಲ್ಕ ಏರಿದರೆ ಅದು ಕಂಪನಿಯ ಮೇಲೆ ಬೀಳುತ್ತದೆ. ದೊಡ್ಡ ಕಾರ್ಖಾನೆಗೆ ಹಗುರವಾದ ಈ ಮೊತ್ತ ಸಣ್ಣ ಘಟಕಕ್ಕೆ ಭಾರ. ಶುಲ್ಕ ಮೊದಲೇ ನಿಗದಿಯಾಗಿದ್ದರೆ ಪರಿಶೋಧಕರ ಮೇಲೆ ಬೀಳುತ್ತದೆ. ಆಗ ಎಣಿಕೆಯ ಸಮಯವನ್ನೇ ಮೊಟಕುಗೊಳಿಸುವ ಒತ್ತಡ ಹುಟ್ಟುತ್ತದೆ.

ಹಿಂದಿನ ದಿನವೇ ಬಂದು ತಂಗುವುದು, ಶಾಖೆಯ ಲೆಕ್ಕವನ್ನು 2013ರ ಕಂಪನಿ ಕಾಯ್ದೆ ಅನುಮತಿಸುವಂತೆ ಸ್ಥಳೀಯ ಪರಿಶೋಧಕರಿಗೆ ವಹಿಸುವುದು ಇದಕ್ಕೆ ಪರಿಹಾರಗಳು. ಯಾವುದನ್ನೇ ಆಯ್ದರೂ ದಾರಿಯ ಖರ್ಚನ್ನು ಶುಲ್ಕದಲ್ಲಿ ಮೊದಲೇ ತೆರೆದು ತೋರಿಸುವುದು ಉಚಿತ. ಬಚ್ಚಿಟ್ಟ ವೆಚ್ಚ ಕೊನೆಗೆ ತಪಾಸಣೆಯ ಗುಣವನ್ನೇ ಕುಗ್ಗಿಸುತ್ತದೆ. ಆ ಲೆಕ್ಕವನ್ನು ನಂಬಿದ ಕಾರ್ಮಿಕರು, ಸಾಲಕೊಟ್ಟವರು ಅದರ ಬೆಲೆ ತೆರುತ್ತಾರೆ.